ನಾಲ್ಕು ಆಸ್ಕರ್ ಗೆದ್ದ ಆಂಡ್ರೆ ಪ್ರೆವಿನ್ ಹೆಸರು ಇಷ್ಟು ಹಿಂದೆ ಬಿದ್ದದ್ದು ಏಕೆ?

ಕಪ್ಪು_ಎರಡು
ಪಂಡಿತ್ ರವಿಶಂಕರ್ ಅವರ ಮೊದಲ ಸಿತಾರ್ ಕಾನ್ಸರ್ಟೊ (ಒಂದು ವಾದ್ಯವನ್ನು ಮುಂದಿಟ್ಟು ಇಡೀ ವಾದ್ಯವೃಂದಕ್ಕೆ ಬರೆದ ಕೃತಿ) ಮತ್ತೆ ಕೇಳುತ್ತಿದ್ದೆ. ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಅದನ್ನು ಮುಂದೆ ನಿಂತು ನಡೆಸಿದ ಕಂಡಕ್ಟರ್ ಆಂಡ್ರೆ ಪ್ರೆವಿನ್. ಅದೇ ಹೆಸರು 1956ರ ಒಂದು ಜಾಝ್ ರೆಕಾರ್ಡಿನ ಮೇಲೆ ಪಿಯಾನೊ ವಾದಕ ಎಂದು ಇದೆ. ಹಾಲಿವುಡ್ಡಿನ ಆಸ್ಕರ್ ಪಟ್ಟಿ ತೆರೆದರೆ ಅಲ್ಲಿಯೂ ಇದೆ, ಒಂದಲ್ಲ, ನಾಲ್ಕು ಸಲ. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಒಪೆರಾ ರಂಗಕ್ಕೆ ಬಂದಿತು, ಅದರ ಸಂಗೀತವೂ ಈತನದೇ. ಬರ್ಲಿನ್‌ನಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನಲ್ಲಿ ಬೆಳೆದು, ಲಂಡನ್‌ನಲ್ಲಿ ಹೆಸರು ಮಾಡಿ, 2019ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ ಒಬ್ಬನೇ ಮನುಷ್ಯ.

ಆದರೂ ದೊಡ್ಡ ಪಿಯಾನೊ ವಾದಕರ ಮಾತು ಬಂದಾಗ ಈ ಹೆಸರು ಬರುವುದಿಲ್ಲ. ಸಂಯೋಜಕರ ಮಾತು ಬಂದಾಗಲೂ ಇಲ್ಲ. ಕಂಡಕ್ಟರ್‌ಗಳ ಸಾಲಿನಲ್ಲಿ ಯಾರೋ ಒಬ್ಬರು ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಹಲವು ಕಡೆ ಕೈ ಹಾಕಿದ್ದೇ ಮುಳುವಾಯಿತೇ? ಅಥವಾ ಯಾವುದರಲ್ಲಿಯೂ ತಳ ಮುಟ್ಟಲಿಲ್ಲ ಎಂಬ ಟೀಕೆಯೇ ಸರಿಯೇ? ಬಲ್ಲವರು ಹೇಳಿ.

ಅಡ್ಡಮಾತು
ಬಲ್ಲವರನ್ನು ಮಾತ್ರ ಕರೆದರೆ ಈ ಚರ್ಚೆ ಇಲ್ಲಿಗೇ ಮುಗಿಯುತ್ತದೆ. ನಮ್ಮಂಥವರಿಗೂ ಸ್ವಲ್ಪ ಜಾಗ ಬಿಡಿ.

ಮಂದ್ರಪಂಚಮ
ಟೀಕೆ ಸರಿ ಎಂದೇ ನನ್ನ ಅಭಿಪ್ರಾಯ. ನಾಲ್ಕು ಆಸ್ಕರ್ ಎಂದು ಜಾಗಟೆ ಬಾರಿಸುವ ಮೊದಲು ಅವು ಯಾವುದಕ್ಕೆ ಬಂದವು ನೋಡಿ. 1958ರ ‘ಜೀಜಿ’, 1959ರ ‘ಪೋರ್ಗಿ ಅಂಡ್ ಬೆಸ್’, 1963ರ ‘ಇರ್ಮಾ ಲಾ ಡೂಸ್’, 1964ರ ‘ಮೈ ಫೇರ್ ಲೇಡಿ’. ನಾಲ್ಕರಲ್ಲಿಯೂ ಮೂಲ ಸಂಗೀತ ಬೇರೆಯವರದು. ಮೊದಲನೆಯದು ಮತ್ತು ಕೊನೆಯದು ಫ್ರೆಡರಿಕ್ ಲೋ ಅವರವು, ಎರಡನೆಯದು ಗರ್ಶ್ವಿನ್ ಅವರದು, ಮೂರನೆಯದು ಮಾರ್ಗರೀಟ್ ಮೊನೊ ಎಂಬ ಫ್ರೆಂಚ್ ಸಂಯೋಜಕಿಯ ಸಂಗೀತ ನಾಟಕದ್ದು. ಪ್ರೆವಿನ್ ಮಾಡಿದ್ದು ಅವನ್ನು ಚಿತ್ರಕ್ಕೆ ಹೊಂದಿಸುವ ಕೆಲಸ. ಸ್ವಂತ ಸಂಗೀತಕ್ಕೆಂದು ಬಂದ ಆಸ್ಕರ್ ಒಂದೂ ಇಲ್ಲ.

ಚಿತ್ರಮಂದಿರ
ಮಂದ್ರಪಂಚಮ ಅವರೇ, ‘ಹೊಂದಿಸುವ ಕೆಲಸ’ ಎಂದು ಎರಡು ಪದದಲ್ಲಿ ಮುಗಿಸಿಬಿಟ್ಟಿರಲ್ಲ! ‘ಮೈ ಫೇರ್ ಲೇಡಿ’ಯಲ್ಲಿ ಆ ಕೆಲಸ ಹೇಗಿತ್ತು ಎಂದು ಕೇಳಿ.

ಆ ಕಾಲದ ಸಂಗೀತ ಚಿತ್ರಗಳಲ್ಲಿ ಹಾಡನ್ನು ಮೊದಲು ಸ್ಟುಡಿಯೊದಲ್ಲಿ ಮುದ್ರಿಸಿಕೊಂಡು, ಚಿತ್ರೀಕರಣದ ವೇಳೆ ಅದನ್ನು ಹಾಕಿ ನಟರು ತುಟಿ ಆಡಿಸುತ್ತಿದ್ದರು. ರೆಕ್ಸ್ ಹ್ಯಾರಿಸನ್ ಅದಕ್ಕೆ ಒಪ್ಪಲಿಲ್ಲ. ತಾನು ಒಂದೇ ರೀತಿ ಎರಡು ಸಲ ಹಾಡುವವನಲ್ಲ, ಹಿಂದೆ ಹಾಡಿದ್ದಕ್ಕೆ ತುಟಿ ಹೊಂದಿಸಲಾರೆ ಎಂದು ಹಟ ಹಿಡಿದ. ಕೊನೆಗೆ ಅವನ ಟೈ ಒಳಗೆ ತಂತಿಯಿಲ್ಲದ ಮೈಕ್ರೊಫೋನ್ ಅಡಗಿಸಿಟ್ಟು ಸೆಟ್ಟಿನಲ್ಲಿಯೇ ನೇರವಾಗಿ ಮುದ್ರಿಸಿಕೊಂಡರು. ಅವನದು ಪೂರ್ತಿ ಹಾಡೂ ಅಲ್ಲ, ಪೂರ್ತಿ ಮಾತೂ ಅಲ್ಲ. ಒಂದು ಸಾಲು ಎಳೆಯುತ್ತಾನೆ, ಮುಂದಿನದನ್ನು ಉಗುಳುತ್ತಾನೆ, ನಡುವೆ ಉಸಿರಿಗೆ ನಿಲ್ಲುತ್ತಾನೆ. ಆಮೇಲೆ ಪ್ರೆವಿನ್ ಇಡೀ ಆರ್ಕೆಸ್ಟ್ರಾವನ್ನು ಆ ಧ್ವನಿಯ ಹಿಂದೆ ನಡೆಸಬೇಕಾಯಿತು. ಹಾಡುವವನು ಎದುರಿಗಿಲ್ಲ, ಕಾಯುವುದಿಲ್ಲ, ಮತ್ತೊಮ್ಮೆ ಹೇಳಿ ಎಂದರೆ ಹೇಳುವುದೂ ಇಲ್ಲ. ಚಿತ್ರದಲ್ಲಿ ಎಲ್ಲಿಯಾದರೂ ವಾದ್ಯಗಳು ಧ್ವನಿಗಿಂತ ಮುಂದೆ ಹೋದದ್ದು ಕೇಳುತ್ತದೆಯೇ ನೋಡಿ.

ಮಂದ್ರಪಂಚಮ
ಅದು ಕಸುಬುದಾರಿಕೆ. ನಾನು ಅಲ್ಲಗಳೆಯುತ್ತಿಲ್ಲ. ಪ್ರಶ್ನೆ ಇರುವುದು ಸಂಯೋಜಕನ ಬಗ್ಗೆ.

ನೀಲಿಸ್ವರ
ಕಸುಬುದಾರಿಕೆಯನ್ನು ಕೀಳಾಗಿ ಕಾಣುವ ಚಟ ಯಾವಾಗ ಬಿಡುತ್ತೀರಿ?

ಕುತೂಹಲಿ
ಜಗಳ ಆಮೇಲೆ ಮಾಡಿ ಮಾರಾಯರೇ. ನನಗೆ ಈ ವ್ಯಕ್ತಿಯ ಬಗ್ಗೆ ಏನೂ ಗೊತ್ತಿಲ್ಲ. ಬರ್ಲಿನ್‌ನಿಂದ ಹಾಲಿವುಡ್ಡಿಗೆ ಹೇಗೆ ಬಂದರು? ಯಾರಾದರೂ ಸ್ವಲ್ಪ ವಿವರವಾಗಿ ಬರೆಯಿರಿ.

ಗಾನತಟ್ಟೆ
ಬರೆಯುತ್ತೇನೆ, ಉದ್ದವಾದರೆ ಬೈಯಬೇಡಿ.

ಹುಟ್ಟುಹೆಸರು ಆಂಡ್ರಿಯಾಸ್ ಲುಡ್ವಿಗ್ ಪ್ರಿವಿನ್, 1929ರ ಏಪ್ರಿಲ್ 6, ಬರ್ಲಿನ್. ಯಹೂದಿ ಕುಟುಂಬ. ತಂದೆ ವಕೀಲರು, ಮನೆಯಲ್ಲಿ ಪಿಯಾನೊ ನುಡಿಸುವ ಹವ್ಯಾಸವಿದ್ದವರು. ಸಿಂಫನಿಗಳನ್ನು ಒಂದೇ ಪಿಯಾನೊದಲ್ಲಿ ಇಬ್ಬರು ನುಡಿಸುವಂತೆ ನಾಲ್ಕು ಕೈಗೆ ಇಳಿಸಿದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನುಡಿಸುತ್ತಿದ್ದರಂತೆ. ಹುಡುಗನ ಕೈ ಎಡವಿದರೂ ತಂದೆ ನಿಲ್ಲಿಸುತ್ತಿರಲಿಲ್ಲ. ಮುಂದಿನ ಆವರ್ತದಲ್ಲಿ ಹೋಗಿ ಸೇರಿಕೊಳ್ಳಬೇಕು. ಯಾವ ಹಾಳೆ ಕೊಟ್ಟರೂ ನೋಡಿದ ತಕ್ಷಣ ನುಡಿಸುವ ಶಕ್ತಿ ಅಲ್ಲಿಂದ ಬಂದಿತು ಎನ್ನಬಹುದು. ಮುಂದೆ ಅನ್ನ ಕೊಟ್ಟದ್ದೂ ಅದೇ.

ಬರ್ಲಿನ್‌ನ ಸಂಗೀತ ಶಾಲೆಗೆ ಸೇರಿಸಿದ್ದರು. 1938ರಲ್ಲಿ ಯಹೂದಿ ಎಂಬ ಕಾರಣಕ್ಕೆ ಹೊರಹಾಕಿದರು. ಕುಟುಂಬ ಪ್ಯಾರಿಸ್‌ಗೆ ಓಡಿತು, ಅಲ್ಲಿಂದ ಅಮೆರಿಕಕ್ಕೆ. ಲಾಸ್ ಏಂಜಲೀಸ್‌ಗೇ ಹೋಗಲು ಕಾರಣ ಚಾರ್ಲ್ಸ್ ಪ್ರೆವಿನ್ ಎಂಬ ಸಂಬಂಧಿ, ಯೂನಿವರ್ಸಲ್ ಸ್ಟುಡಿಯೊದಲ್ಲಿ ಸಂಗೀತ ನಿರ್ದೇಶಕರು. ವಕೀಲರ ಜರ್ಮನ್ ಪದವಿಗೆ ಅಲ್ಲಿ ಬೆಲೆ ಇರಲಿಲ್ಲ. ತಂದೆ ಪಿಯಾನೊ ಪಾಠ ಹೇಳಿಕೊಡಬೇಕಾಯಿತು, ಹುಡುಗನೂ ದುಡಿಯಬೇಕಾಯಿತು.

ಶಾಲೆಯಲ್ಲಿರುವಾಗಲೇ ಎಂಜಿಎಂ ಸ್ಟುಡಿಯೊ ಕರೆಯಿತು. ಹೋಸೆ ಇತುರ್ಬಿ ಎಂಬ ಪ್ರಸಿದ್ಧ ಶಾಸ್ತ್ರೀಯ ಪಿಯಾನೊ ವಾದಕರು ಚಿತ್ರವೊಂದರಲ್ಲಿ ಜಾಝ್ ನುಡಿಸಬೇಕಿತ್ತು. ಹಾಳೆಯಿಲ್ಲದೆ ಸ್ಥಳದಲ್ಲಿಯೇ ಕಟ್ಟಿಕೊಂಡು ನುಡಿಸುವುದು ಅವರಿಗೆ ಒಗ್ಗದ ಕೆಲಸ. ಆ ‘ಆಶುವಾದನ’ವನ್ನು ಸ್ವರ ಸ್ವರವಾಗಿ ಬರೆದುಕೊಡಲು ಜಾಝ್ ಬಲ್ಲ, ಬರವಣಿಗೆಯೂ ಬಲ್ಲ ಒಬ್ಬ ಬೇಕಿತ್ತು. ಆ ಊರಿನಲ್ಲಿ ಅಂಥವನೊಬ್ಬ ಹೈಸ್ಕೂಲಿನಲ್ಲಿ ಓದುತ್ತಿದ್ದ.

ಅಡ್ಡಮಾತು
ಇದರ ನಡುವೆ ಮೂಕಿ ಚಿತ್ರದ ಕಥೆ ಬಿಟ್ಟಿರಿ. ಹುಡುಗನಾಗಿದ್ದಾಗ ಹಳೆಯ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸುವ ಕೆಲಸ ಸಿಕ್ಕಿತ್ತಂತೆ. ಒಂದು ಚಿತ್ರದಲ್ಲಿ ಇಪ್ಪತ್ತನೆಯ ಶತಮಾನದ ಕಥೆಯೂ ಕ್ರಿಸ್ತನ ಕಾಲದ ಕಥೆಯೂ ಬೆರೆತಿದ್ದವು. ಇವರು ತಲೆ ತಗ್ಗಿಸಿ ಜೋರಾಗಿ ಒಂದು ಕುಣಿತದ ರಾಗ್‌ಟೈಮ್ ಬಾರಿಸುತ್ತಿದ್ದಾರೆ, ತಲೆ ಎತ್ತಿ ನೋಡಿದರೆ ಪರದೆಯ ಮೇಲೆ ಏಸುವನ್ನು ಶಿಲುಬೆಗೆ ಏರಿಸುತ್ತಿದ್ದಾರೆ! ಅಂದೇ ಕೆಲಸ ಹೋಯಿತು ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಕುತೂಹಲಿ
ಆಹಾ! ಇದಕ್ಕೇ ಈ ಚರ್ಚೆ ಓದುತ್ತಿರುವುದು.

ಚಿತ್ರಮಂದಿರ
ಎಂಜಿಎಂ ಎಂದ ಮೇಲೆ ಆ ಫಲಕದ ಕಥೆಯೂ ಇರಲಿ. ನಿರ್ಮಾಪಕ ಅರ್ವಿಂಗ್ ಥಾಲ್ಬರ್ಗ್‌ಗೆ ಒಂದು ಚಿತ್ರದಲ್ಲಿ ಯಾವುದೋ ಸ್ವರಗುಚ್ಛ ಹಿಡಿಸಲಿಲ್ಲ. ಏನದು ಎಂದು ಕೇಳಿದಾಗ ಯಾರೋ ‘ಮೈನರ್ ಕಾರ್ಡ್’ (ದುಃಖದ ಛಾಯೆಯ ಸ್ವರಗುಚ್ಛ) ಎಂದರು. ಮರುದಿನ ಆದೇಶ ಹೊರಬಿತ್ತು: ಇನ್ನು ಮುಂದೆ ಈ ಸ್ಟುಡಿಯೊದ ಯಾವ ಚಿತ್ರದಲ್ಲಿಯೂ ಮೈನರ್ ಕಾರ್ಡ್ ಇರತಕ್ಕದ್ದಲ್ಲ. ಥಾಲ್ಬರ್ಗ್ 1936ರಲ್ಲಿಯೇ ತೀರಿಕೊಂಡಿದ್ದರು. ಆದರೂ ಪ್ರೆವಿನ್ ಕೆಲಸಕ್ಕೆ ಸೇರಿದಾಗ ಆ ಆದೇಶ ಸಂಗೀತ ವಿಭಾಗದ ಗೋಡೆಯ ಮೇಲೆ ಇನ್ನೂ ಇತ್ತಂತೆ. 1991ರಲ್ಲಿ ಬಂದ ಅವರ ಹಾಲಿವುಡ್ ನೆನಪುಗಳ ಪುಸ್ತಕಕ್ಕೆ ‘ನೋ ಮೈನರ್ ಕಾರ್ಡ್ಸ್’ ಎಂದು ಹೆಸರಿಟ್ಟದ್ದು ಇದರಿಂದಲೇ.

ತಾಳತಪ್ಪಿದವ
ಸಿತಾರ್ ಕಾನ್ಸರ್ಟೊ ನಡೆಸಿದವರು ಜುಬಿನ್ ಮೆಹ್ತಾ ಎಂದು ಓದಿದ್ದೆ. ಮೇಲಿನ ಪ್ರಶ್ನೆಯಲ್ಲಿಯೇ ತಪ್ಪಿದೆಯಲ್ಲ?

ಸಿತಾರ್‌ಪ್ರಿಯ
ತಪ್ಪಿಲ್ಲ. ಮೆಹ್ತಾ ಅವರದು ಎರಡನೆಯ ಕಾನ್ಸರ್ಟೊ, ‘ರಾಗಮಾಲಾ’. ಅದು 1981ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಮೊದಲು ನುಡಿದದ್ದು. ಮೊದಲನೆಯದನ್ನು ರವಿಶಂಕರ್ ಅವರಿಂದ ಬರೆಸಿದ್ದೇ ಲಂಡನ್ ಸಿಂಫನಿ. 1971ರ ಜನವರಿ 28ರಂದು ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಮೊದಲ ಪ್ರದರ್ಶನ ನಡೆಸಿದವರು ಪ್ರೆವಿನ್. ನಾಲ್ಕು ಭಾಗ: ಖಮಾಜ್, ಸಿಂಧಿ ಭೈರವಿ, ಅಡಾಣಾ, ಮಾಂಜ್ ಖಮಾಜ್.

ನನ್ನ ಮಟ್ಟಿಗೆ ಆ ಧ್ವನಿಮುದ್ರಣದಲ್ಲಿ ಪ್ರೆವಿನ್ ಮಾಡಿದ ದೊಡ್ಡ ಉಪಕಾರವೆಂದರೆ ಅಡ್ಡ ಬಾರದಿರುವುದು. ಪಾಶ್ಚಾತ್ಯ ಆರ್ಕೆಸ್ಟ್ರಾಕ್ಕೆ ರಾಗದ ಕೆಳಗೆ ಕಾರ್ಡ್‌ಗಳ ಹಾಸು ಹಾಸುವ ಅಭ್ಯಾಸ. ರವಿಶಂಕರ್ ಅದನ್ನು ಬಹುತೇಕ ದೂರವಿಟ್ಟು ಬರೆದರು. ಹಾಗಾಗಿ ಬಹಳ ಹೊತ್ತು ವಾದ್ಯವೃಂದ ಒಂದೇ ಎಳೆಯಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟಂತೆ ನುಡಿಯುತ್ತದೆ. ಜಾಝ್ ನುಡಿಸಿ ಬಂದ ಕಂಡಕ್ಟರ್ ಆದದ್ದರಿಂದ ಇನ್ನೊಬ್ಬ ವಾದಕ ಮನೋಧರ್ಮದಲ್ಲಿ ಎತ್ತ ಹೋಗುತ್ತಾನೆ ಎಂದು ಕಿವಿಗೊಟ್ಟು ಕಾಯುವುದು ಅವರಿಗೆ ಹೊಸದಾಗಿರಲಿಲ್ಲ.

ಮಂದ್ರಪಂಚಮ
ನಿಜ ಹೇಳಬೇಕೆಂದರೆ ಆ ಕಾನ್ಸರ್ಟೊ ನನಗೆ ಎಂದೂ ಹಿಡಿಸಲಿಲ್ಲ. ಆಲಾಪಕ್ಕೆ ಪುರುಸೊತ್ತಿಲ್ಲ, ಆರ್ಕೆಸ್ಟ್ರಾಕ್ಕೆ ಕೆಲಸವಿಲ್ಲ.

ಸಿತಾರ್‌ಪ್ರಿಯ
ಅಡಾಣಾ ಭಾಗವನ್ನು ಬೇರೆಯಾಗಿ ಕೇಳಿ, ಆಮೇಲೆ ಹೇಳಿ.

ತಾಳತಪ್ಪಿದವ
ಹಿಂದೂಸ್ತಾನಿ ಅಡಾಣಾ ಮತ್ತು ನಮ್ಮ ಕರ್ನಾಟಕ ಸಂಗೀತದ ಅಠಾಣ ಒಂದೇ ಅಲ್ಲವೇ?

ಸಿತಾರ್‌ಪ್ರಿಯ
ಹೆಸರಿನಲ್ಲಿ ನೆಂಟಸ್ತನವಿದೆ, ಒಂದೇ ಅಲ್ಲ. ಅಡಾಣಾ ದರ್ಬಾರಿ ಕಾನಡಾದ ಹತ್ತಿರದ್ದು, ತಾರಸ್ಥಾಯಿಯಲ್ಲಿ ಮೆರೆಯುವಂಥದ್ದು. ನಮ್ಮ ಅಠಾಣಕ್ಕೆ ಅದರದೇ ಗಮಕ, ಅದರದೇ ವರಸೆ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಬರುತ್ತೇನೆ.

ಕಪ್ಪು_ಎರಡು
ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಪಿಯಾನೊ ವಾದಕ ಪ್ರೆವಿನ್ ಬಗ್ಗೆ ಇನ್ನೂ ಯಾರೂ ಏನೂ ಹೇಳಿಲ್ಲ.

ನೀಲಿಸ್ವರ
ನಾನು ಹೇಳುತ್ತೇನೆ. ‘ಮೈ ಫೇರ್ ಲೇಡಿ’ ನಾಟಕ ಬ್ರಾಡ್‌ವೇಯಲ್ಲಿ ತೆರೆ ಎತ್ತಿದ್ದು 1956ರ ಮಾರ್ಚ್‌ನಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಮೂವರು ಸ್ಟುಡಿಯೊಗೆ ಹೋದರು: ಡ್ರಮ್ಸ್‌ಗೆ ಶೆಲ್ಲಿ ಮ್ಯಾನ್, ಬಾಸ್‌ಗೆ ಲೆರಾಯ್ ವಿನಿಗರ್, ಪಿಯಾನೊಗೆ ಪ್ರೆವಿನ್. ಆ ನಾಟಕದ ಹಾಡುಗಳನ್ನೇ ಎತ್ತಿಕೊಂಡು ಇಡೀ ರೆಕಾರ್ಡ್ ಮಾಡಿದರು. ಒಂದೇ ನಾಟಕದ ಹಾಡುಗಳ ಮೇಲೆ ಪೂರ್ತಿ ಜಾಝ್ ರೆಕಾರ್ಡ್ ಎಂಬುದು ಆಗ ಹೊಸ ವಿಚಾರ. ಮಾರಾಟ ಎಷ್ಟು ಜೋರಾಯಿತೆಂದರೆ ಉಳಿದ ಕಂಪನಿಗಳೂ ಅದೇ ಜಾಡು ಹಿಡಿದವು. ಚಿತ್ರ ಬಂದು ಆಸ್ಕರ್ ಸಿಕ್ಕಿದ್ದು ಎಂಟು ವರ್ಷ ಆದ ಮೇಲೆ. ಒಂದೇ ಹಾಡುಗಳನ್ನು ಮೊದಲು ಬಿಚ್ಚಿ ಹರಡಿದವರೂ ಇವರೇ, ಆಮೇಲೆ ಆರ್ಕೆಸ್ಟ್ರಾದಲ್ಲಿ ಮಡಿಸಿ ಜೋಡಿಸಿದವರೂ ಇವರೇ.

ಬೆರಳುಗಳ ಬಗ್ಗೆ: ಹುಡುಗನಾಗಿದ್ದಾಗ ಪಿಯಾನೊ ವಾದಕ ಆರ್ಟ್ ಟೇಟಮ್ ರೆಕಾರ್ಡ್ ಕೇಳಿ ಜಾಝ್‌ಗೆ ಬಿದ್ದವರು. ಆ ಪ್ರಭಾವ ಬಲಗೈಯ ಓಟದಲ್ಲಿ ಚೆನ್ನಾಗಿ ಕೇಳುತ್ತದೆ. ಪ್ರತಿ ಸ್ವರವೂ ಬಿಡಿಬಿಡಿಯಾಗಿ ಮಿನುಗುತ್ತದೆ, ವೇಗದಲ್ಲಿ ಕಲಸಿಹೋಗುವುದಿಲ್ಲ. ಎಡಗೈ ಮಾತ್ರ ಟೇಟಮ್‌ನಂತೆ ಮೆರೆಯುವುದಿಲ್ಲ. ಬಾಸ್ ವಾದಕನಿಗೆ ಜಾಗ ಬಿಟ್ಟು ಚಿಕ್ಕ ಚಿಕ್ಕ ಒತ್ತು ಕೊಟ್ಟು ಸುಮ್ಮನಾಗುತ್ತದೆ.

ಮಂದ್ರಪಂಚಮ
ಬಿಡಿಬಿಡಿಯಾಗಿ ಮಿನುಗುತ್ತದೆ, ಒಪ್ಪಿದೆ. ಎದೆಗೆ ತಾಗುತ್ತದೆಯೇ? ಅದೇ ಐವತ್ತರ ದಶಕದ ಕೊನೆಗೆ ಬಿಲ್ ಇವಾನ್ಸ್ ಪಿಯಾನೊದ ಭಾಷೆಯನ್ನೇ ಬದಲಾಯಿಸುತ್ತಿದ್ದರು. ಪ್ರೆವಿನ್ ನುಡಿಸಿದ ಯಾವ ತಿರುವನ್ನು ಮುಂದಿನ ತಲೆಮಾರಿನ ಜಾಝ್ ವಾದಕರು ಕದ್ದರು ಹೇಳಿ? ಕದಿಯಲು ಏನಾದರೂ ಇದ್ದವನನ್ನು ಮಾತ್ರ ಜಾಝ್ ನೆನಪಿಡುತ್ತದೆ.

ನೀಲಿಸ್ವರ
ಈ ಮಾತಿನಲ್ಲಿ ಹುರುಳಿದೆ. ಸಿಟ್ಟು ಬಂದರೂ ಒಪ್ಪುತ್ತೇನೆ. ಆದರೆ ಅವರು ಜಾಝ್ ಬಿಟ್ಟು ಹೊರಟರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅರವತ್ತರ ದಶಕದ ನಂತರ ಬಹಳ ಕಾಲ ಆ ಕಡೆ ಅಪರೂಪಕ್ಕೆ ಮಾತ್ರ ತಲೆ ಹಾಕಿದರು. 1980ರ ಸುಮಾರಿಗೆ ಪಿಟೀಲು ವಾದಕ ಇಟ್ಜಾಕ್ ಪರ್ಲ್‌ಮನ್ ಜೊತೆ ಒಂದು ರೆಕಾರ್ಡ್ ಬಂದಿತು, ಅದರ ಸಂಗೀತವೂ ಪ್ರೆವಿನ್ ಅವರದೇ. 1989ರಲ್ಲಿ ಗಿಟಾರ್ ವಾದಕ ಜೋ ಪಾಸ್, ಬಾಸ್ ವಾದಕ ರೇ ಬ್ರೌನ್ ಜೊತೆ ಕೂತು ನುಡಿಸಿದ್ದು ಕೇಳಿ. ಅವಸರವಿಲ್ಲ, ಯಾರಿಗೂ ಏನನ್ನೂ ಸಾಬೀತು ಮಾಡುವ ಹಟವಿಲ್ಲ. ಇಪ್ಪತ್ತರ ಹರೆಯದ ಮಿನುಗಿಗಿಂತ ನನಗೆ ಇದೇ ಇಷ್ಟ.

ಕುತೂಹಲಿ
ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಹಾಲಿವುಡ್ ಬಿಟ್ಟದ್ದು ಏಕೆ? ಹಣ ಅಲ್ಲಿಯೇ ಅಲ್ಲವೇ ಇದ್ದದ್ದು?

ಗಾನತಟ್ಟೆ
ಬೀಜ ಸೈನ್ಯದಲ್ಲಿ ಬಿತ್ತು. ಐವತ್ತರ ದಶಕದ ಆರಂಭದಲ್ಲಿ ಕಡ್ಡಾಯ ಸೇನಾ ಸೇವೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದ್ದಾಗ ಪಿಯೆರ್ ಮೊಂಟೂ ಅವರ ಬಳಿ ಆರ್ಕೆಸ್ಟ್ರಾ ನಡೆಸುವುದನ್ನು ಕಲಿತರು. 1913ರಲ್ಲಿ ಪ್ಯಾರಿಸ್‌ನಲ್ಲಿ ಸ್ಟ್ರಾವಿನ್ಸ್ಕಿಯ ‘ವಸಂತದ ವಿಧಿ’ಗೆ ಜನ ಗಲಾಟೆ ಎಬ್ಬಿಸಿದ್ದರಲ್ಲ, ಆ ರಾತ್ರಿ ಆರ್ಕೆಸ್ಟ್ರಾ ನಿಲ್ಲದಂತೆ ನಡೆಸಿದವರು ಇದೇ ಮೊಂಟೂ. ಅಂಥವರ ಕೈಕೆಳಗೆ ಕಲಿತು ಬಂದವನಿಗೆ ಸ್ಟುಡಿಯೊದಲ್ಲಿ ನಿಮಿಷ ಲೆಕ್ಕ ಹಾಕಿ ಸಂಗೀತ ಕತ್ತರಿಸುವುದು ಸಾಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅರವತ್ತರ ದಶಕದಲ್ಲಿ ಚಿತ್ರರಂಗದಿಂದ ಕಾಲು ತೆಗೆದು 1967ರಲ್ಲಿ ಹ್ಯೂಸ್ಟನ್ ಸಿಂಫನಿ, 1968ರಲ್ಲಿ ಲಂಡನ್ ಸಿಂಫನಿ. ಲಂಡನ್‌ನಲ್ಲಿ 1979ರವರೆಗೆ.

ಕಷ್ಟ ಶುರುವಾದದ್ದು ಆಗಲೇ. ಬೀಥೋವನ್ ನಡೆಸಿದರೆ ‘ಹಾಲಿವುಡ್ಡಿನವನು’ ಎಂದು ವಿಮರ್ಶಕರು ಮೂಗು ಮುರಿಯುವುದು. ಜಾಝ್ ನುಡಿಸಿದರೆ ‘ಇವನು ಸ್ಟುಡಿಯೊದವನು’ ಎಂದು ಅವರ ಮುನಿಸು. ಎರಡೂ ಕಡೆ ಹೊರಗಿನವನೇ.

ಅಡ್ಡಮಾತು
ಬ್ರಿಟನ್‌ನಲ್ಲಿ ಸಾಮಾನ್ಯ ಜನರಿಗೆ ಈತ ಗೊತ್ತಿರುವುದು ಬೀಥೋವನ್‌ನಿಂದಲೂ ಅಲ್ಲ, ಜಾಝ್‌ನಿಂದಲೂ ಅಲ್ಲ, ಒಂದು ಹಾಸ್ಯ ಪ್ರಸಂಗದಿಂದ. 1971ರ ಕ್ರಿಸ್‌ಮಸ್‌ಗೆ ಬಿಬಿಸಿಯಲ್ಲಿ ಮೋರ್‌ಕಂಬ್ ಮತ್ತು ವೈಸ್ ಎಂಬ ಹಾಸ್ಯ ಜೋಡಿಯ ಕಾರ್ಯಕ್ರಮ. ಎರಿಕ್ ಮೋರ್‌ಕಂಬ್ ಗ್ರೀಗ್‌ನ ಪಿಯಾನೊ ಕಾನ್ಸರ್ಟೊ ನುಡಿಸುವವನು, ಪ್ರೆವಿನ್ ಕಂಡಕ್ಟರ್. ಅವರನ್ನು ‘ಆಂಡ್ರೂ ಪ್ರಿವ್ಯೂ’ ಎಂದು ಪರಿಚಯಿಸುತ್ತಾರೆ. ಎರಿಕ್ ಏನೋ ಒಂದು ಕುಟ್ಟುತ್ತಾನೆ. ನುಡಿಸುತ್ತಿರುವುದೆಲ್ಲ ತಪ್ಪು ಸ್ವರ ಎಂದು ಪ್ರೆವಿನ್ ಹೇಳಿದರೆ ಅವರ ಕೋಟಿನ ಕಾಲರ್ ಹಿಡಿದು, ಸ್ವರಗಳೆಲ್ಲ ಸರಿಯಾದವೇ, ಅನುಕ್ರಮ ಮಾತ್ರ ಬೇರೆ ಇರಬಹುದು ಎನ್ನುತ್ತಾನೆ.

ಗಮನಿಸಬೇಕಾದದ್ದು ಪ್ರೆವಿನ್ ಮುಖ. ಒಂದು ಸಲವೂ ನಗುವುದಿಲ್ಲ. ವಿಮಾನ ನಿಲ್ದಾಣದಿಂದ ಬರುವಾಗ ಕಾರಿನಲ್ಲಿ ಮಾತುಗಳನ್ನು ಕಂಠಪಾಠ ಮಾಡಿಕೊಂಡು ಬಂದವರಂತೆ. ವರ್ಷಗಟ್ಟಲೆ ಲಂಡನ್ ಟ್ಯಾಕ್ಸಿ ಚಾಲಕರು ಅವರನ್ನು ಪ್ರಿವ್ಯೂ ಎಂದೇ ಕರೆಯುತ್ತಿದ್ದರಂತೆ.

ನೀಲಿಸ್ವರ
ಆ ಗಂಭೀರ ಮುಖವೇ ಆ ಪ್ರಸಂಗದ ಜೀವ. ಹಾಸ್ಯಕ್ಕೂ ಲಯ ಬೇಕು, ಯಾವ ಮಾತ್ರೆಗೆ ಬಾಯಿ ತೆರೆಯಬೇಕು ಎಂದು ಅವರಿಗೆ ಗೊತ್ತಿತ್ತು.

ತಾಳತಪ್ಪಿದವ
ಐದು ಮದುವೆ ಆಗಿದ್ದರಂತೆ? ನಟಿ ಮಿಯಾ ಫ್ಯಾರೋ, ಪಿಟೀಲು ವಾದಕಿ ಆನ್-ಸೋಫಿ ಮುಟರ್...

ಕಪ್ಪು_ಎರಡು
ಹೌದು, ಐದು. ಮುಂದಿನ ವಿಷಯ.

ಗಾನತಟ್ಟೆ
ಕಂಡಕ್ಟರ್ ಆಗಿ ಉಳಿಸಿದ್ದೇನು ಎಂದು ಕೇಳುವವರಿಗೆ ಒಂದೇ ಉದಾಹರಣೆ ಕೊಡುತ್ತೇನೆ. ರಾಕ್‌ಮನಿನೋವ್ ಎರಡನೆಯ ಸಿಂಫನಿ. ಪೂರ್ತಿ ನುಡಿಸಿದರೆ ಸುಮಾರು ಒಂದು ಗಂಟೆ. ಬಹಳ ಉದ್ದ, ಬಹಳ ಅಳುಮುಂಜಿ ಎಂದು ಕಂಡಕ್ಟರ್‌ಗಳು ಅಲ್ಲಲ್ಲಿ ಕತ್ತರಿಸಿ ನುಡಿಸುವುದು ದಶಕಗಳ ರೂಢಿಯಾಗಿತ್ತು. ಸ್ವತಃ ಪ್ರೆವಿನ್ ಮೊದಲು ಮುದ್ರಿಸಿದ್ದೂ ಕತ್ತರಿಸಿದ್ದನ್ನೇ. 1973ರಲ್ಲಿ ಲಂಡನ್ ಸಿಂಫನಿ ಜೊತೆ ಒಂದು ಸ್ವರವನ್ನೂ ಬಿಡದೆ ಮುದ್ರಿಸಿದರು. ಮೂರನೆಯ ಭಾಗದ ಕ್ಲಾರಿನೆಟ್ ಏಕವಾದನದಲ್ಲಿ ಆರ್ಕೆಸ್ಟ್ರಾ ಹೇಗೆ ಹಿಂದೆ ಸರಿದು ನಿಲ್ಲುತ್ತದೆ ಕೇಳಿ. ಆ ಸಿಂಫನಿ ಇವತ್ತು ಪೂರ್ತಿಯಾಗಿ ಕೇಳಲು ಸಿಗುವುದರಲ್ಲಿ ಆ ಧ್ವನಿಮುದ್ರಣದ ಪಾಲು ದೊಡ್ಡದು. ಹಾಲಿವುಡ್ಡಿನವನು ಎಂದು ಬೈಯುವವರಿಗೆ ಇನ್ನೊಂದು ಮಾತು: ಉದ್ದದ ರಾಗವನ್ನು ನಾಚಿಕೆಪಡದೆ ಹಾಡಿಸುವ ಧೈರ್ಯ ಅವರಿಗೆ ಬಂದದ್ದು ಅಲ್ಲಿಂದಲೇ ಇರಬೇಕು.

ಚಿತ್ರಮಂದಿರ
ಹಾಗಾದರೆ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್‌ನಲ್ಲಿ ಏನಾಯಿತು? ತಾನು ಬೆಳೆದ ಊರಿಗೆ 1985ರಲ್ಲಿ ಸಂಗೀತ ನಿರ್ದೇಶಕನಾಗಿ ಹೋಗಿ 1989ರಲ್ಲಿ ಬಿಟ್ಟು ಬಂದರಲ್ಲ.

ಗಾನತಟ್ಟೆ
ಆಡಳಿತದ ಮುಖ್ಯಸ್ಥ ಅರ್ನೆಸ್ಟ್ ಫ್ಲೈಶ್‌ಮನ್ ಜೊತೆ ಸರಿಬರಲಿಲ್ಲ. ಯುವ ಕಂಡಕ್ಟರ್ ಎಸಾ-ಪೆಕ್ಕಾ ಸಲೊನೆನ್‌ಗೆ ಹುದ್ದೆ ಮತ್ತು ಪ್ರವಾಸದ ಭರವಸೆ ಕೊಟ್ಟದ್ದು ಸಂಗೀತ ನಿರ್ದೇಶಕನಾದ ತನ್ನನ್ನು ಕೇಳದೆ ಎಂಬುದು ಪ್ರೆವಿನ್ ದೂರು. ರಾಜೀನಾಮೆ ಕೊಟ್ಟರು. ಸಲೊನೆನ್ ಮುಂದೆ ಆ ಆರ್ಕೆಸ್ಟ್ರಾವನ್ನು ಬೇರೆ ಎತ್ತರಕ್ಕೆ ಒಯ್ದರು, ಅದು ಬೇರೆ ಮಾತು. ಅದಕ್ಕೂ ಮುಂಚೆ 1976ರಿಂದ 84ರವರೆಗೆ ಪಿಟ್ಸ್‌ಬರ್ಗ್‌ನಲ್ಲಿ ಇದ್ದರು. ಅಲ್ಲಿಂದ ಟಿವಿ ಸರಣಿಯೂ ಬಂದಿತು.

ಮಂದ್ರಪಂಚಮ
ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಸ್ವಂತ ಸಂಯೋಜನೆ ಎಲ್ಲಿದೆ ಎಂದು ಕೇಳಿದ್ದೆ.

ಓದುಗ_ನಾನು
ಇಗೋ. ಮೊದಲನೆಯದು 1971ರ ಗಿಟಾರ್ ಕಾನ್ಸರ್ಟೊ, ಜಾನ್ ವಿಲಿಯಮ್ಸ್‌ಗಾಗಿ ಬರೆದದ್ದು. ಕೊನೆಯ ಭಾಗದಲ್ಲಿ ವಿದ್ಯುತ್ ಗಿಟಾರ್, ಬಾಸ್, ಡ್ರಮ್ಸ್ ಇರುವ ಪುಟ್ಟ ಜಾಝ್ ತಂಡ ಕರೆಯದೆ ಬಂದ ನೆಂಟರ ಹಾಗೆ ಒಳನುಗ್ಗುತ್ತದೆ. ಒಂದೇ ಕೃತಿಯಲ್ಲಿ ಅವರ ಎರಡು ಬದುಕು ಎದುರಾಬದುರು.

ಎರಡನೆಯದು 1977ರಲ್ಲಿ ನಾಟಕಕಾರ ಟಾಮ್ ಸ್ಟಾಪರ್ಡ್ ಜೊತೆ ಮಾಡಿದ್ದು. ಸೋವಿಯತ್ ದೇಶದ ಮಾನಸಿಕ ಆಸ್ಪತ್ರೆ. ಒಂದೇ ಕೋಣೆಯಲ್ಲಿ ಇಬ್ಬರು. ಒಬ್ಬ ಸರ್ಕಾರವನ್ನು ಟೀಕಿಸಿ ಒಳಗೆ ಬಂದವನು. ಇನ್ನೊಬ್ಬನಿಗೆ ತನ್ನ ತಲೆಯೊಳಗೆ ಆರ್ಕೆಸ್ಟ್ರಾ ಇದೆ ಎಂಬ ಭ್ರಮೆ. ಆ ಭ್ರಮೆಯ ಆರ್ಕೆಸ್ಟ್ರಾ ವೇದಿಕೆಯ ಮೇಲೆ ನಿಜವಾಗಿ ಕೂತಿರುತ್ತದೆ, ನಾಟಕದ ಪಾತ್ರವಾಗಿ. ಲಂಡನ್ ಸಿಂಫನಿ ಆ ಪಾತ್ರ ಮಾಡಿತು. ಇಂಥ ಯೋಚನೆ ಕೊಟ್ಟರೆ ಎಷ್ಟು ಜನ ಸಂಯೋಜಕರು ಮಾತಿಗೂ ಸಂಗೀತಕ್ಕೂ ನಡುವೆ ಸೆಕೆಂಡು ಲೆಕ್ಕದಲ್ಲಿ ಬರೆಯಬಲ್ಲರು? ಚಿತ್ರಸಂಗೀತ ಬರೆದ ಕೈಗೆ ಅದು ನೀರು ಕುಡಿದಷ್ಟು ಸಲೀಸು.

ತಾಳತಪ್ಪಿದವ
ಜಾನ್ ವಿಲಿಯಮ್ಸ್ ಎಂದರೆ ‘ಸ್ಟಾರ್ ವಾರ್ಸ್’ ಸಂಗೀತದವರೇ? ಅವರು ಗಿಟಾರ್ ಬೇರೆ ನುಡಿಸುತ್ತಿದ್ದರೇ!

ಚಿತ್ರಮಂದಿರ
ಅಲ್ಲ ಸ್ವಾಮಿ, ಇವರು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಗಿಟಾರ್ ವಾದಕ ಜಾನ್ ವಿಲಿಯಮ್ಸ್. ಹೆಸರು ಒಂದೇ, ಜನ ಬೇರೆ. ತಮಾಷೆಯೆಂದರೆ 1977ರಲ್ಲಿ ‘ಸ್ಟಾರ್ ವಾರ್ಸ್’ ಸಂಗೀತ ನುಡಿಸಿದ್ದು ಪ್ರೆವಿನ್ ಮುಖ್ಯಸ್ಥರಾಗಿದ್ದ ಇದೇ ಲಂಡನ್ ಸಿಂಫನಿ. ಚಿತ್ರಗಳ ಜಾನ್ ವಿಲಿಯಮ್ಸ್ ಕೂಡ ಪ್ರೆವಿನ್‌ಗೆ ಹಳೆಯ ಗೆಳೆಯರೇ.

ಶಾಲೆಯ ಕಾಕತಾಳೀಯ ಇನ್ನೂ ಚೆನ್ನಾಗಿದೆ. 1946ರಲ್ಲಿ ಬೆವರ್ಲಿ ಹಿಲ್ಸ್ ಹೈಸ್ಕೂಲಿನ ಬೀಳ್ಕೊಡುಗೆಯಲ್ಲಿ ಪ್ರೆವಿನ್ ಪಿಯಾನೊ, ಸಹಪಾಠಿಯೊಬ್ಬನ ಕೊಳಲು, ಜೋಡಿವಾದನ. ಆ ಸಹಪಾಠಿ ರಿಚರ್ಡ್ ಶೆರ್ಮನ್. 1965ರ ಆಸ್ಕರ್ ಸಮಾರಂಭದಲ್ಲಿ ಒಂದೇ ರಾತ್ರಿ ಇಬ್ಬರಿಗೂ ಪ್ರಶಸ್ತಿ: ಶೆರ್ಮನ್‌ಗೆ ‘ಮೇರಿ ಪಾಪಿನ್ಸ್’ಗಾಗಿ, ಪ್ರೆವಿನ್‌ಗೆ ‘ಮೈ ಫೇರ್ ಲೇಡಿ’ಗಾಗಿ.

ಮಂದ್ರಪಂಚಮ
ಅಲ್ಲಿಯೂ ನೋಡಿ, ಸ್ವಂತ ಹಾಡು ಕಟ್ಟಿದವನು ಕೊಳಲಿನ ಹುಡುಗ!

ನೀಲಿಸ್ವರ
ಮಂದ್ರಪಂಚಮ ಅವರಿಗೆ ಕೊಂಕು ಹುಡುಕುವ ಸ್ಪರ್ಧೆ ಇಟ್ಟರೆ ಐದನೆಯ ಆಸ್ಕರ್ ಅವರಿಗೇ.

ಓದುಗ_ನಾನು
ಮುಗಿದಿಲ್ಲ. 1985ರಲ್ಲಿ ಪಿಯಾನೊ ವಾದಕ ವ್ಲಾದಿಮಿರ್ ಅಶ್ಕೆನಾಜಿಗಾಗಿ ಪಿಯಾನೊ ಕಾನ್ಸರ್ಟೊ. 1998ರಲ್ಲಿ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಒಪೆರಾ, ಬ್ಲಾಂಚ್ ಪಾತ್ರಕ್ಕೆ ಗಾಯಕಿ ರೆನೆ ಫ್ಲೆಮಿಂಗ್. ಟೆನ್ನೆಸ್ಸೀ ವಿಲಿಯಮ್ಸ್ ನಾಟಕದ ಮಾತು ಎಷ್ಟು ಗಟ್ಟಿಯೆಂದರೆ ಅದಕ್ಕೆ ಸಂಗೀತ ಬೇಕೇ ಎಂದು ಆಗಲೂ ಕೇಳಿದರು. ಒಪೆರಾ ಪೂರ್ತಿಯಾಗಿ ನಿಲ್ಲುತ್ತದೆ ಎಂದು ನಾನೂ ಹೇಳುವುದಿಲ್ಲ, ಎಷ್ಟೋ ಕಡೆ ಆರ್ಕೆಸ್ಟ್ರಾ ಮಾತಿನ ಬೆನ್ನು ಬಿದ್ದು ಸುಮ್ಮನೆ ನಡೆಯುತ್ತದೆ. ಆದರೆ ಬ್ಲಾಂಚ್‌ಗೆ ಬರೆದ ಏಕಗಾನಗಳನ್ನು ಗಾಯಕಿಯರು ಇಂದಿಗೂ ಕಛೇರಿಗಳಲ್ಲಿ ಬಿಡಿಯಾಗಿ ಹಾಡುತ್ತಾರೆ.

ಇನ್ನು ಪಿಟೀಲು ಕಾನ್ಸರ್ಟೊ, 2001ರಲ್ಲಿ ಮುಟರ್‌ಗಾಗಿ ಬರೆದದ್ದು. 2002ರಲ್ಲಿ ಬಾಸ್ಟನ್ ಸಿಂಫನಿ ಜೊತೆ ಪ್ರೆವಿನ್ ಅವರೇ ಮೊದಲ ಸಲ ನಡೆಸಿದರು. ಮೂರನೆಯ ಭಾಗದ ತಲೆಯ ಮೇಲೆ ‘ಜರ್ಮನಿಯ ಒಂದು ರೈಲಿನಿಂದ’ ಎಂದು ಬರೆದಿದ್ದಾರೆ. ‘ನಾನೊಂದು ಪುಟ್ಟ ಹಕ್ಕಿಯಾಗಿದ್ದರೆ’ ಎಂಬ ಅರ್ಥದ, ಅಲ್ಲಿನ ಮಕ್ಕಳು ಹಾಡುವ ಹಳೆಯ ಹಾಡನ್ನು ಎತ್ತಿಕೊಂಡು ಒಂದೊಂದಾಗಿ ಬದಲಾಯಿಸುತ್ತಾ ಹೋಗುತ್ತಾರೆ. ಒಂದು ಕಡೆ ಪಿಟೀಲು ಅದನ್ನು ಬಹುತೇಕ ಹಾಗೆಯೇ ಹಾಡುತ್ತದೆ, ಇನ್ನೊಂದು ಕಡೆ ಆರ್ಕೆಸ್ಟ್ರಾ ಚೂರು ಚೂರು ಮಾಡಿ ಎಸೆಯುತ್ತದೆ. ಒಂಬತ್ತನೆಯ ವಯಸ್ಸಿನಲ್ಲಿ ಬರ್ಲಿನ್ ಬಿಟ್ಟು ಓಡಬೇಕಾದ ಹುಡುಗ ಎಪ್ಪತ್ತು ದಾಟಿದ ಮೇಲೆ ಬರೆದ ಸಂಗೀತ ಇದು. ಇದಕ್ಕೂ ಹಾಲಿವುಡ್ ಹಣೆಪಟ್ಟಿ ಅಂಟಿಸುತ್ತೀರಾ?

ಕುತೂಹಲಿ
ಇದನ್ನು ಈಗಲೇ ಕೇಳುತ್ತೇನೆ. ಬೇರೆ ಯಾವುದರಿಂದ ಶುರು ಮಾಡಬೇಕು? ಒಟ್ಟಿಗೆ ಇಪ್ಪತ್ತು ಹೆಸರು ಹೇಳಬೇಡಿ.

ನೀಲಿಸ್ವರ
1956ರ ‘ಮೈ ಫೇರ್ ಲೇಡಿ’ ಜಾಝ್. ರಾತ್ರಿ ಊಟ ಆದ ಮೇಲೆ.

ಗಾನತಟ್ಟೆ
1971ರಲ್ಲಿ ಲಂಡನ್ ಸಿಂಫನಿ ಜೊತೆ ಮುದ್ರಿಸಿದ ಗರ್ಶ್ವಿನ್ ‘ರಾಪ್ಸಡಿ ಇನ್ ಬ್ಲೂ’. ಪಿಯಾನೊ ನುಡಿಸುತ್ತಲೇ ಆರ್ಕೆಸ್ಟ್ರಾವನ್ನೂ ನಡೆಸಿದ್ದಾರೆ. ಅದಾದ ಮೇಲೆ ರಾಕ್‌ಮನಿನೋವ್.

ಓದುಗ_ನಾನು
ಕೊನೆಯ ಕೃತಿಯನ್ನೂ ಸೇರಿಸಿಕೊಳ್ಳಿ. ‘ಪೆನೆಲೊಪಿ’, ಮಾತು ಮತ್ತೆ ಸ್ಟಾಪರ್ಡ್ ಅವರದು, ಹಾಡುವುದು ಮತ್ತೆ ಫ್ಲೆಮಿಂಗ್. 2019ರ ಫೆಬ್ರವರಿ 28ರಂದು ಪ್ರೆವಿನ್ ತೀರಿಕೊಂಡಾಗ ಇನ್ನೂ ಕೈಯಲ್ಲಿತ್ತು. ಉಳಿದದ್ದನ್ನು ಬೇರೆಯವರು ಜೋಡಿಸಿ, ಅದೇ ಜುಲೈನಲ್ಲಿ ಅಮೆರಿಕದ ಟ್ಯಾಂಗಲ್‌ವುಡ್ ಸಂಗೀತೋತ್ಸವದಲ್ಲಿ ಮೊದಲ ಪ್ರದರ್ಶನ ಆಯಿತು.

ಅಡ್ಡಮಾತು
ಎಂದರೆ ಇಷ್ಟು ವರ್ಷ ಬೇರೆಯವರದನ್ನು ಹೊಂದಿಸಿದವರಿಗೆ ಕೊನೆಗೆ ಬೇರೆಯವರು ಹೊಂದಿಸಿಕೊಟ್ಟರು. ಮಂದ್ರಪಂಚಮ ಅವರು ಇದನ್ನು ಹೇಳುವ ಮೊದಲು ನಾನೇ ಹೇಳಿಬಿಟ್ಟೆ.

ಮಂದ್ರಪಂಚಮ
ನನ್ನ ಬಾಯಿಂದ ಕಿತ್ತುಕೊಂಡಿರಿ.

ಪಿಟೀಲು ಕಾನ್ಸರ್ಟೊ ಕೇಳಿ ಬಂದೆ. ಮೂರನೆಯ ಭಾಗ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಭಾಗ ಮಾತ್ರ ಈಗಲೂ ಹಾಲಿವುಡ್ ಸಂಯೋಜಕ ಕಾರ್ನ್‌ಗೋಲ್ಡ್ ವಾಸನೆ ಹೊಡೆಯುತ್ತದೆ ಎಂದೇ ನನ್ನ ವಾದ. ಅದೇ ಜೇನು ಸುರಿಯುವ ತಂತಿವಾದ್ಯಗಳು, ಅದೇ ಸಂಜೆಗೆಂಪು.

ಗಾನತಟ್ಟೆ
ಕಾರ್ನ್‌ಗೋಲ್ಡ್ ಎಂಬುದು ಬೈಗುಳ ಯಾವಾಗಿನಿಂದ ಆಯಿತು? ಅವರೂ ಯಹೂದಿ, ವಿಯೆನ್ನಾಗೆ ಮರಳಲಾರದೆ ಹಾಲಿವುಡ್‌ನಲ್ಲಿ ಉಳಿದವರು. ಅವರಿಗೂ ಆಸ್ಕರ್ ಬಂದಿತು, ಅವರ ಪಿಟೀಲು ಕಾನ್ಸರ್ಟೊವನ್ನೂ ‘ಸಿನಿಮಾ ಸಂಗೀತ’ ಎಂದು ವಿಮರ್ಶಕರು ಹೀಯಾಳಿಸಿದರು. ಇಂದು ಅದನ್ನು ನುಡಿಸದ ಪಿಟೀಲು ವಾದಕರು ಕಡಿಮೆ. ತೊಂಬತ್ತರ ದಶಕದಲ್ಲಿ ಗಿಲ್ ಶಹಾಮ್ ಅದನ್ನು ಮುದ್ರಿಸಿದಾಗ ಲಂಡನ್ ಸಿಂಫನಿ ನಡೆಸಿದವರು ಪ್ರೆವಿನ್ ಅವರೇ. ಅದನ್ನೂ ಕೇಳಿಕೊಂಡು ಬನ್ನಿ, ಜಗಳ ಅಲ್ಲಿಂದ ಮುಂದುವರಿಸೋಣ.

ಮಂದ್ರಪಂಚಮ
ಬರುತ್ತೇನೆ. ಮೊದಲು ಅಡಾಣಾ ಕೇಳಿ ಮುಗಿಸಬೇಕು, ಸಿತಾರ್‌ಪ್ರಿಯ ಅವರು ಬೇರೆ ಕಾಯುತ್ತಿದ್ದಾರೆ.